ಓರೆ ಎಳೆದ ಅಕ್ಷಗಳು

ಮೊನ್ನೆ ಎರ್ನಾಕುಳಂನ ಮನೆಯಲ್ಲಿ ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಉತ್ತರಪತ್ರಿಕೆ ಹೊರಬಂತು. ನಾಲ್ಕು ಸಾಲಿನ ಲೆಕ್ಕ, ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ಇಷ್ಟು ವರ್ಷಗಳ ಮೇಲೂ ಮೈ ಉರಿಯಿತು. ಕಲಿಸಿದವರ ಬಗ್ಗೆ ಬರೆಯುವಾಗ ಕೈಮುಗಿದು ಶುರುಮಾಡುವುದು ರೂಢಿ. ನನ್ನಿಂದ ಆಗದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಾಸರಗೋಡು ಆಗಷ್ಟೇ ಕೇರಳಕ್ಕೆ ಸೇರಿತ್ತು. ನಾನು ಇಂಜಿನಿಯರಿಂಗ್ ಓದಲು ತಿರುವನಂತಪುರಕ್ಕೆ ಬಂದಿದ್ದೆ. ಮೆಕ್ಯಾನಿಕ್ಸ್ ಕಲಿಸುವ ಮೇಷ್ಟ್ರು ನಮ್ಮೂರ ಕಡೆಯವರು ಎಂದು ತಿಳಿದಾಗ, ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅವರಿಗೊಂದು ಕಾಗದ ಬರೆದರು... ಹುಡುಗನ ಮೇಲೆ ಒಂದು ಕಣ್ಣಿಡಿ ಎಂದು. ಮೇಷ್ಟ್ರು ಚೆನ್ನಾಗಿಯೇ ಕಲಿಸುತ್ತಿದ್ದರು, ಅಲ್ಲಗಳೆಯುವುದಿಲ್ಲ. ಬೋರ್ಡಿನ ಮೇಲೆ ಮೊದಲು ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಎಲ್ಲ ಬಲಗಳೂ ಸೇರಿ ಆಗುವ ಫಲಿತ ಬಲವನ್ನು ಆ ಎರಡು ಅಕ್ಷಗಳ ಮೇಲೆ ಇಳಿಸಿ ತೋರಿಸುತ್ತಿದ್ದರು. ನನ್ನತ್ತ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯಲ್ಲಿ, ಇಳಿಜಾರಿನ ಮೇಲೆ ಹಗ್ಗ ಕಟ್ಟಿ ಎಳೆಯುವ ಪೆಟ್ಟಿಗೆಯ ಲೆಕ್ಕ ಬಂತು. ಫಲಿತ ಬಲ ಎಷ್ಟು, ಯಾವ ದಿಕ್ಕಿಗೆ? ಎಲ್ಲರೂ ಅಡ್ಡ, ಉದ್ದ ಗೆರೆ ಎಳೆದು ಪುಟ ತುಂಬಿಸಿದರು. ನಾನು ಅಕ್ಷಗಳನ್ನೇ ಇಳಿಜಾರಿಗೆ ಸರಿಯಾಗಿ ಓರೆ ಮಾಡಿದೆ. ಪೆಟ್ಟಿಗೆ ಹೋಗುವ ದಾರಿಯೇ ಓರೆ ಇರುವಾಗ ಗೆರೆ ಯಾಕೆ ನೆಟ್ಟಗಿರಬೇಕು? ನಾಲ್ಕು ಸಾಲಿಗೆ ಉತ್ತರ ಸಿಕ್ಕಿತು. ಅದಕ್ಕೆ ಮೇಷ್ಟ್ರು ಸೊನ್ನೆ ಹಾಕಿದರು. ಎರಡು ಅಂಕ ಸಾಲದೆ ಫೇಲಾದೆ, ಇಡೀ ವರ್ಷ ಮತ್ತೆ ಓದಬೇಕಾಯಿತು.

ತಿದ್ದಿ ವಾಪಸು ಕೊಟ್ಟ ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ, ಜಗಲಿಯಲ್ಲಿ ನಿಂತೇ ನೋಡಿದರು.

“ಉತ್ತರ ಸರಿಯೇ ಉಂಟು,” ಎಂದರು ಮೆಲ್ಲಗೆ, ನಮ್ಮೂರ ಕನ್ನಡದಲ್ಲಿ. “ನನಗೆ ಗೊತ್ತಿಲ್ಲ ಅಂತ ಎಣಿಸಿದ್ದೀಯಾ?”

“ಮತ್ತೆ ಸೊನ್ನೆ ಯಾಕೆ ಸಾರ್?”

“ಎಲ್ಲರೂ ಒಂದು ರೀತಿ ಮಾಡಿದ್ದಾರೆ, ನೀನೊಬ್ಬ ಬೇರೆ ರೀತಿ. ನಿನಗೆ ಅಂಕ ಕೊಟ್ರೆ ಊರಿನವ ಅಂತ ಪಾಸು ಮಾಡಿದ್ದು ಅಂತ ಹೇಳ್ತಾರೆ. ನಿನ್ನ ಅಪ್ಪ ಬೇರೆ ಕಾಗದ ಬರ್ದಿದ್ದಾರೆ. ಅದನ್ನು ಕಾಲೇಜಿನ ಆಫೀಸಿನವರೂ ನೋಡಿದ್ದಾರೆ ಮಾರಾಯ.”

ಬೇರೆ ಯಾವ ಮೇಷ್ಟ್ರ ಕೈಗೆ ಸಿಕ್ಕಿದ್ದರೂ ನಾನು ಪಾಸಾಗುತ್ತಿದ್ದೆ. ತನ್ನ ಹೆಸರಿಗೆ ಮಸಿ ಹತ್ತಬಾರದೆಂದು ನನ್ನ ಒಂದು ವರ್ಷವನ್ನೇ ಹಾಳುಮಾಡಿದರು. ಪಕ್ಷಪಾತವಿಲ್ಲದ ಮನುಷ್ಯ ಎಂದು ಅವರನ್ನು ಹೊಗಳುವವರಿದ್ದರು. ನಾನು ಪುಕ್ಕಲ ಎನ್ನುತ್ತೇನೆ.

ಊರಿಗೆ ಹೋಗಿ ಅಪ್ಪನೆದುರು ನನ್ನ ಉತ್ತರ ಸರಿ ಎಂದಷ್ಟೇ ಹೇಳಿದೆ. ಜಗಲಿಯಲ್ಲಿ ನಡೆದ ಮಾತು ಬಾಯಿಗೆ ಬರಲಿಲ್ಲ. ಅವರು ಪತ್ರಿಕೆಯನ್ನು ತಿರುವಿ ತಿರುವಿ ನೋಡಿದರು.

“ಅವರು ನಮ್ಮವರಲ್ವಾ? ನಮ್ಮವರೇ ಸೊನ್ನೆ ಹಾಕಿದ್ದಾರೆ ಅಂದ್ರೆ ನಿಂದೇ ತಪ್ಪಿರ್ಬೇಕು.”

ಮರುವರ್ಷ ಅಡ್ಡ ಗೆರೆ, ಉದ್ದ ಗೆರೆ ಎಳೆದೇ ಪಾಸಾದೆ. ಫಲಿತಾಂಶ ಬರುವ ಹದಿನೈದು ದಿನ ಮೊದಲು ಅಪ್ಪ ತೀರಿಕೊಂಡಿದ್ದರು. ಆಮೇಲೆ ಎರ್ನಾಕುಳಂ ಹತ್ತಿರದ ಏಲೂರಿನ ಕಾರ್ಖಾನೆಯೊಂದರಲ್ಲಿ, ನಿವೃತ್ತಿಯಾಗುವವರೆಗೂ ಬೇಕಾದಲ್ಲೆಲ್ಲ ಅಕ್ಷಗಳನ್ನು ಓರೆ ಎಳೆದೇ ಕೆಲಸ ಮಾಡಿದೆ. ಯಾರೂ ಸೊನ್ನೆ ಹಾಕಲಿಲ್ಲ.

ಮೇಷ್ಟ್ರೂ ಹೋಗಿ ಬಹಳ ಕಾಲವಾಯಿತು... ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದನ್ನು ಹೇಳಿಕೊಳ್ಳಲು ಈಗ ಅವರಿಲ್ಲ, ಅಪ್ಪನೂ ಇಲ್ಲ. ಜಗಲಿಯ ಮಾತು ಹೇಳಿದ್ದರೆ ಅಪ್ಪ ನನ್ನನ್ನು ನಂಬುತ್ತಿದ್ದರು. ತನ್ನ ಕಾಗದವೇ ಮಗನನ್ನು ಫೇಲು ಮಾಡಿಸಿತೆಂದೂ ನಂಬುತ್ತಿದ್ದರು. ಅದಕ್ಕೇ ಅವರ ಪಾಲಿಗೆ ನಾನು ದಡ್ಡನಾಗಿಯೇ ಉಳಿದೆ.