ಖಾರದ ಡಬ್ಬಿಯೂ ಸೋರುವ ಹರಿಗೋಲೂ

ನಮ್ಮ ಮನೆಯವರು ತೀರಿಕೊಂಡು ಈ ಕಾರ್ತೀಕಕ್ಕೆ ಒಂದು ವರ್ಷ. ಅವರ ಬಗ್ಗೆ ಬರೆಯಬೇಕೆಂದು ಕುಳಿತರೆ ಮೊದಲು ನೆನಪಾಗುವುದು ಅವರ ಸೀನು. ನಾನೇನು ಮಾಡಲಿ.

ಮೇಡ್ಲೇರಿ ಹತ್ತಿರ ಹೊಳೆಯಲ್ಲಿ ನಮ್ಮದೊಂದು ಹರಿಗೋಲು ಇತ್ತು. ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಗೋಣಿಚೀಲ ಹೊಲಿದು ಡಾಂಬರು ಬಳಿದದ್ದು. ಕೂಲಿಯವರನ್ನು, ಸಂತೆಗೆ ಹೋಗುವವರನ್ನು ದಾಟಿಸಿ ನಮ್ಮ ಹೊಟ್ಟೆ ನಡೆಯುತ್ತಿತ್ತು. ಊರಲ್ಲಿ ಓಣಿಗೊಂದು ಮೊಬೈಲು ಇದ್ದ ಕಾಲ ಅದು. ಹೊಲಿಗೆ ಮಷೀನು ಕೊಳ್ಳಬೇಕೆಂದು ನಾನು ಒಂದಿಷ್ಟು ರೊಕ್ಕ ಕೂಡಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಖಾರದ ಪುಡಿಯ ಡಬ್ಬಿಯ ತಳದಲ್ಲಿ ಹುಗಿದಿಟ್ಟಿದ್ದೆ. ಆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಅವರಿಗೆ ಏಳೆಂಟು ಸೀನು ಬರುತ್ತಿದ್ದವು. ಹೊಳೆ ದಂಡೆಯವರೆಗೂ ಕೇಳಿಸುವ ಸೀನು. ಅದಕ್ಕಿಂತ ಗಟ್ಟಿ ಬೀಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಹರಿಗೋಲು ಒಂದು ಮುರಿದ ಗೂಟಕ್ಕೆ ತಾಗಿ ಸೋರತೊಡಗಿತು. ಒಂದು ಹಿಡಿ ಡಾಂಬರು ಮೆತ್ತಿದರೆ ಆಯಿತು ಎಂದರು ಮನೆಯವರು. ಬೋರಲು ಹಾಕಿ ನೋಡಿದರೆ ಹಳೆಯ ಚೀಲ ಉಳ್ಳಾಗಡ್ಡಿ ಸಿಪ್ಪೆಯಂತೆ ಕಳಚಿ ಬಂತು. ಅದರ ಹಿಂದೆ ಬಿದಿರೂ ಹುಳ ತಿಂದು ಪುಡಿಯಾಗಿತ್ತು. ಬಿದಿರು ಹೆಣೆಯುವ ಮೇದಾರರನ್ನು ರಾಣೆಬೆನ್ನೂರಿನಿಂದ ಕರೆಸಬೇಕಾಯಿತು. ಅವರು ಹೇಳಿದ ರೊಕ್ಕ ಕೇಳಿ ಇಬ್ಬರೂ ಹೊಳೆಯ ಕಡೆ ನೋಡುತ್ತ ನಿಂತೆವು. ಆಚೆ ದಂಡೆಯವನು ಹೊಸ ದೋಣಿ ತಂದಿದ್ದ. ನಮ್ಮದು ಒಂದು ವಾರ ದಂಡೆಯ ಮೇಲೆ ಕುಳಿತರೆ ಜನ ಅವನಿಗೇ ರೂಢಿಯಾಗುತ್ತಿದ್ದರು.

"ನಿನ್ನ ಮಷೀನಿನ ರೊಕ್ಕಕ್ಕ ನಾ ಕೈ ಹಚ್ಚಂಗಿಲ್ಲ, ನಿನ್ನಾಣಿ," ಎಂದರು ಇವರು. ನಾನು ಕೇಳಿರಲೇ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಉಳಿತಾಯ ಮಾಡುತ್ತೇನೆಂದು ಮರುದಿನ ಬ್ಯಾಡಗಿಗೆ ಹೋದರು. ಅಲ್ಲಿನ ದಲಾಲಿ ಅಂಗಡಿಯಲ್ಲಿ ಅವರ ಗೆಳೆಯನೊಬ್ಬ ಹಮಾಲಿ ಮಾಡುತ್ತಿದ್ದ. ಅವನಿಂದ ಮೆಣಸಿನಕಾಯಿ ತುಂಬಿ ಖಾಲಿಯಾದ ಹತ್ತು ಹಳೆಯ ಚೀಲಗಳನ್ನು ಪುಕ್ಕಟೆ ತಂದು, ಹೆಣ್ಣು ನೋಡಿ ಬಂದವರ ಹಾಗೆ ನಗುತ್ತ ನಿಂತರು. ಹೊಳೆ ಪಕ್ಕದಲ್ಲೇ ಇದೆ, ತೊಳೆದುಕೊಂಡು ಬನ್ನಿ ಎಂದೆ. ಒದ್ದೆ ಚೀಲಕ್ಕೆ ಡಾಂಬರು ಹಿಡಿಯುವುದಿಲ್ಲ, ಒಣಗಿಸುತ್ತ ಕುಳಿತರೆ ಎರಡು ದಿನ ಹೋಗುತ್ತದೆ ಎಂದರು. ಮೇಲಾಗಿ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತೆ.

ಆ ಮಾತನ್ನು ಯಾರೂ ಚೀಲದ ಧೂಳಿಗೆ ತಿಳಿಸಿರಲಿಲ್ಲ. ಕುದಿಯುವ ಡಾಂಬರು ಬಿದ್ದದ್ದೇ ತಡ, ಘಾಟು ಎದ್ದು ಓಣಿಯೊಳಗೆ ನುಗ್ಗಿತು. ಕಟ್ಟೆಯ ಮೇಲೆ ಕುಳಿತವರು ಎದ್ದು ಓಡಿದರು. ಎಮ್ಮೆಗಳು ಕೂಡ ಸೀನಿದವು. ಪಕ್ಕದ ಮನೆಯ ಅಜ್ಜಿ ಬೈಯಲೆಂದೇ ಬಂದಳು, ಕೆಮ್ಮಿ ಕೆಮ್ಮಿ ಬೈಗುಳ ಮರೆತಳು. ನಮ್ಮ ಕಡೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಅರ್ಥ. ಬಂದರೆ ಇಲ್ಲ.

ಅಜ್ಜಿ ಕಣ್ಣೊರೆಸಿಕೊಂಡು, "ಇಷ್ಟು ಘಾಟು ಐತಿ ಅಂದ್ರ ನಿನ್ನ ಹರಿಗೋಲಿಗೆ ಯಾರ ಕಣ್ಣೂ ಬಿದ್ದಿಲ್ಲ ಬಿಡಪಾ," ಎಂದಳು.

ಅಲ್ಲಿಯವರೆಗೆ ಬಗ್ಗಿ ಸೀನುತ್ತಿದ್ದ ನಮ್ಮ ಮನೆಯವರು ನೆಟ್ಟಗೆ ನಿಂತರು. ಹರಿಗೋಲು ನೀರಿಗಿಳಿದ ದಿನ ದಡದಲ್ಲಿ ಅವರದು ಒಂದೇ ಮಾತು. "ಹತ್ತು ಚೀಲದ ಘಾಟು ಕೊಟ್ಟು ದೃಷ್ಟಿ ನೋಡಿದ ಹರಿಗೋಲರಿ ಇದು. ಆ ದೋಣಿಗೆ ಒಂದು ಲಿಂಬಿಹಣ್ಣರ ಕಟ್ಟ್ಯಾರೇನು ಕೇಳ್ರಿ." ಜನ ನಗುತ್ತಲೇ ಬಂದು ಹತ್ತಿದರು. ನಡು ಹೊಳೆಯಲ್ಲಿ ಸೀನಿದರು, ಮರುದಿನವೂ ಬಂದರು.

ನಾಲ್ಕು ದಿನದ ಮೇಲೆ ಬೇಳೆಗೆ ಖಾರ ಹಾಕಲು ಹೋದರೆ ಚಮಚ ಡಬ್ಬಿಯ ತಳಕ್ಕೇ ಬಡಿಯಿತು.

"ಡಬ್ಬ್ಯಾಗ ಕೈ ಹಾಕೀರಿ ಏನ?"

"ನಾ ಸೀನಿದ್ದು ಕೇಳಿದ್ಯೇನು?"

"ಓಣಿಗೆ ಓಣೀನ ಸೀನಾಕತ್ತಿತ್ತು. ಅದರಾಗ ನಿಮ್ಮದ್ಯಾವುದು ಅಂತ ಹ್ಯಾಂಗ ಗೊತ್ತಾಗಬೇಕು?"

ಅವರು ತಲೆ ತಗ್ಗಿಸಿದರು. ಹೆಣಿಗೆ ಮುಗಿಸಿದ ಮೇದಾರರು ರೊಕ್ಕ ಕೊಡದೆ ದಂಡೆ ಬಿಟ್ಟು ಏಳುವುದಿಲ್ಲ ಎಂದಿದ್ದರಂತೆ. ನಾನು ಎರಡು ದಿನ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಬಡಿಸಿದೆ. ಅವರ ಊಟಕ್ಕೆ ಖಾರ ಮಾತ್ರ ಕಡಿಮೆ ಮಾಡಲಿಲ್ಲ.

ಆಮೇಲೆ, ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ, ಆಗಾಗ ಅಡುಗೆಮನೆಯಿಂದ ಏಳೆಂಟು ಸೀನು ಕೇಳಿಸತೊಡಗಿದವು. ಮೂಗಿಗೆ ಟವೆಲ್ಲು ಕಟ್ಟಿಕೊಂಡರೂ ತಡೆಯುತ್ತಿರಲಿಲ್ಲ. ನಾನು ಕೇಳಿಸದವಳಂತೆ ಪಾತ್ರೆಯ ಸದ್ದು ಜೋರು ಮಾಡುತ್ತಿದ್ದೆ. ಕೊಯ್ಲು ಮುಗಿಯುವಷ್ಟರಲ್ಲಿ ಡಬ್ಬಿಯ ತಳ ಮತ್ತೆ ದಪ್ಪಗಾಗಿತ್ತು. ಸಂಕ್ರಾಂತಿಗೆ ಮಷೀನು ಬಂತು.

ಇದನ್ನು ಅದೇ ಮಷೀನಿನ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಹೊಲಿದ ರೊಕ್ಕವನ್ನು ಈಗಲೂ ಖಾರದ ಡಬ್ಬಿಯಲ್ಲೇ ಇಡುತ್ತೇನೆ. ಕದಿಯುವವರೂ ಇಲ್ಲ, ಕಾವಲೂ ಇಲ್ಲ.