ಕೆಳಗಿನ ಮನೆಯ ಆಂಟಿ

ಈ ಫೆಬ್ರವರಿಯಲ್ಲಿ ಆನ್ ಆರ್ಬರ್‌ಗೆ, ಸಹೋದ್ಯೋಗಿಯೊಬ್ಬಳ ಕೂಸನ್ನು ನೋಡಲು ಹೋಗಿದ್ದೆ. ಮಗುವಿಗೆ ನೆಗಡಿ. ಊರಿಂದ ಬಂದಿದ್ದ ಅಜ್ಜಿ ಒಲೆಯ ಮೇಲೆ ಪುಟ್ಟ ಬಾಣಲೆ ಇಟ್ಟು, ಕೊಬ್ಬರಿ ಎಣ್ಣೆಗೆ ಎರಡೆಸಳು ಬೆಳ್ಳುಳ್ಳಿ, ಚಿಟಿಕೆ ಓಂಕಾಳು ಹಾಕಿ ಬಿಸಿ ಮಾಡುತ್ತಿದ್ದರು. ಆ ವಾಸನೆ ನಾನು ಕೂತಲ್ಲಿಗೆ ಬಂದದ್ದೇ ತಡ, ಆಡುತ್ತಿದ್ದ ಮಾತು ಮರೆತುಹೋಯಿತು. ಸುಮಾರು ಮೂರು ವರ್ಷ ನನ್ನ ಮಗಳ ಮೈಯಿಂದ ಬರುತ್ತಿದ್ದ ವಾಸನೆ ಅದು. ಎಣ್ಣೆ ಹಚ್ಚುತ್ತಿದ್ದವಳು ಮಾತ್ರ ನಾನಲ್ಲ...

ಆಗ ನಾವು ಅಮೆರಿಕದ ಇದೇ ಭಾಗದಲ್ಲಿ, ಕ್ಯಾಂಟನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಬೆಳಿಗ್ಗೆ ಆರಕ್ಕೇ ಸ್ಟರ್ಲಿಂಗ್ ಹೈಟ್ಸ್‌ನ ಪ್ಲಾಂಟಿಗೆ ಹೊರಟುಬಿಡುತ್ತಿದ್ದರು. ನನ್ನ ಆಫೀಸು ಪಕ್ಕದ ಪ್ಲಿಮತ್‌ನಲ್ಲಿ. ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನನ್ನ ರಜೆ ಮುಗಿಯಿತು, ಬಾಣಂತನಕ್ಕೆ ಬಂದಿದ್ದ ಅಮ್ಮನೂ ಮೈಸೂರಿಗೆ ವಾಪಸು ಹೋದರು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಿದ್ದೆ. ಕೆಳಗಿನ ಮನೆಯ ಬಾಗಿಲು ತೆರೆಯಿತು. ತಲೆಯ ಮೇಲೆ ಸೆರಗು ಹೊದ್ದ, ಅರುವತ್ತರ ಹತ್ತಿರದ ಹೆಂಗಸು.

"ಯಾಕ ತಂಗಿ ಅಳ್ತಿ? ಕನ್ನಡದಾಕಿ ಏನ್ ನೀ?"

ಅವರು ವಿಜಯಪುರದವರು. ಮಗನದು ಫೋನ್ ರಿಪೇರಿ ಅಂಗಡಿ, ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಇಬ್ಬರು ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹಗಲೆಲ್ಲ ಆಂಟಿ ಒಬ್ಬರೇ. ನನ್ನ ಕಥೆ ಕೇಳಿ, ಕಂಕುಳಲ್ಲಿದ್ದ ಮಗಳನ್ನು ತಾವೇ ಎತ್ತಿಕೊಂಡರು. "ನಾಳಿಂದ ನನ್ನ ಕಡೆ ಬಿಟ್ಟು ಹೋಗು. ನೀ ಏನ್ ಕಾಳಜಿ ಮಾಡಬ್ಯಾಡ," ಎಂದರು. ನಾನೂ ಹೆಚ್ಚು ಯೋಚಿಸಲಿಲ್ಲ. ಅಷ್ಟು ದಣಿದಿದ್ದೆ.

ದಿನಾ ಬೆಳಿಗ್ಗೆ ಮಗಳನ್ನು ಅವರ ಕೈಗೆ ಕೊಟ್ಟು ಕಾರು ಹತ್ತುತ್ತಿದ್ದೆ. ಸಂಜೆ ಬಂದರೆ ಮಿಂದು, ಉಂಡು, ಕಾಡಿಗೆ ಹಚ್ಚಿಸಿಕೊಂಡು ನಗುವ ಮಗು. ರೋಜಾ ಉಪವಾಸದ ತಿಂಗಳಲ್ಲಿ ತಾವು ಹನಿ ನೀರೂ ಕುಡಿಯದೆ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ನಾವು ಮಾಂಸ ತಿನ್ನುವವರಲ್ಲವೆಂದು ಅವಳಿಗೆ ಬೇರೆಯದೇ ಪಾತ್ರೆ ಇಟ್ಟಿದ್ದರು. ನಾನು ಕೇಳಿರಲೂ ಇಲ್ಲ.

ಮಗಳು ಮಾತು ಕಲಿತದ್ದು ಆ ಮನೆಯಲ್ಲೇ. "ಬ್ಯಾಡ", "ಹಸಿವಾಗೇತಿ", "ಇಲ್ಲೇ ಕುಂದರು"... ಮೈಸೂರಿನಿಂದ ವಿಡಿಯೋದಲ್ಲಿ ನೋಡುತ್ತಿದ್ದ ನಮ್ಮಮ್ಮ ಬಿದ್ದು ಬಿದ್ದು ನಗುತ್ತಿದ್ದರು. ಆ ಮನೆಯ ಮೊಮ್ಮಕ್ಕಳ ಹಾಗೆ ಇವಳೂ ಆಂಟಿಯನ್ನು 'ದಾದಿ' ಎನ್ನುತ್ತಿದ್ದಳು. ಅವರ ಮನೆಮಾತಿನಲ್ಲಿ ಹಾಗೆಂದರೆ ಅಜ್ಜಿ. ನಮ್ಮ ಕನ್ನಡದಲ್ಲಿ ಮಗು ನೋಡಿಕೊಳ್ಳುವ ಹೆಂಗಸು. ಎರಡನೆಯ ಅರ್ಥವನ್ನೇ ನಾನು ಹಿಡಿದುಕೊಂಡಿದ್ದೆ. ಹಾಗೆ ಹಿಡಿದುಕೊಂಡಿದ್ದರಿಂದ ನನಗೇನೋ ಸಮಾಧಾನವಿತ್ತು.

ಮಗಳಿಗೆ ಮೂರು ವರ್ಷವಾದ ಬೇಸಿಗೆಯಲ್ಲಿ ಜ್ವರ ಬಂತು, ನೂರಾ ಎರಡು ಡಿಗ್ರಿ. ರಜೆಯಲ್ಲಿದ್ದ ಮೊಮ್ಮಕ್ಕಳ ಕೈಲಿ ಆಂಟಿ ಫೋನ್ ಮಾಡಿಸಿದಾಗ ಮೀಟಿಂಗ್ ಬಿಟ್ಟು ಓಡಿಬಂದೆ. ಅವರ ಹೆಗಲ ಮೇಲೆ ಒರಗಿದ್ದ ಮಗಳಿಗೆ ಕೈ ಚಾಚಿದರೆ ಅವಳು ಅವರ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. "ನೀ ಬ್ಯಾಡ. ದಾದಿ ಬೇಕು."

"ಜ್ವರದಾಗ ಹಂಗ ಅಂತೈತಿ ಕೂಸು. ಮನಸಿಗೆ ಹಚಗೋಬ್ಯಾಡ ತಂಗಿ," ಎಂದರು ಆಂಟಿ. ಅವರ ಮುಖ ಸಣ್ಣದಾಗಿತ್ತು.

ನಾನು ಮನಸ್ಸಿಗೆ ಹಚ್ಚಿಕೊಂಡೆ. ವಾರದೊಳಗೆ ಒಂದು ಪ್ರೀಸ್ಕೂಲಿಗೆ ಅಪ್ಲೈ ಮಾಡಿದೆ. ಇವಳಿಗೆ ಇಂಗ್ಲಿಷ್ ಬರುತ್ತಿಲ್ಲ, ಮುಂದೆ ಕಷ್ಟವಾಗುತ್ತದೆ ಎಂದು ನಮ್ಮವರಿಗೂ ಹೇಳಿದೆ, ಆಂಟಿಗೂ ಹೇಳಿದೆ. ಅದು ಸುಳ್ಳೇನಲ್ಲ. ಆದರೆ ಕಾರಣ ಅದಲ್ಲ.

"ಕಲೀಲಿ, ಸಾಲಿಗೆ ಹೋಗಾಕಬೇಕು," ಎಂದರು ಆಂಟಿ. ಮಗಳ ತಲೆ ಸವರಿ, "ಸಂಜೀಕ ಒಂದ್ ತಾಸು ಕಳಸ್ತೀಯಲ್ಲಾ?" ಎಂದು ಕೇಳಿದರು.

"ಖಂಡಿತ ಆಂಟಿ," ಎಂದೆ.

ಶಾಲೆ ಶುರುವಾದ ಮೊದಲ ದಿನ ಮೆಟ್ಟಿಲಿಳಿಯುತ್ತಲೇ ಮಗಳು ಕೈ ಬಿಡಿಸಿಕೊಂಡು ಹೋಗಿ ಅವರ ಬಾಗಿಲು ಬಡಿದಳು. ಆಂಟಿ ತೆರೆದರು, ಎತ್ತಿಕೊಂಡರು. ಬಿಡಿಸಿ ತರುವಷ್ಟರಲ್ಲಿ ಇಬ್ಬರ ಕಣ್ಣಲ್ಲೂ ನೀರು. ಎರಡನೇ ದಿನವೂ ಅದೇ, ಮೂರನೇ ದಿನವೂ ಅದೇ. ಆ ಸಂಜೆ ನಾನೊಬ್ಬಳೇ ಕೆಳಗಿಳಿದು ಹೋದೆ.

"ಆಂಟಿ, ಸ್ವಲ್ಪ ದಿನ ಬಾಗಿಲು ತೆಗೀಬೇಡಿ. ಅವಳಿಗೆ ಅಭ್ಯಾಸ ಆಗ್ಬೇಕಲ್ವಾ..."

ಅವರು ನನ್ನನ್ನೇ ನೋಡಿದರು. "ಆತು ತಂಗಿ. ನೀ ತಾಯಿ. ನಿನಗ ಗೊತ್ತಿರತೈತಿ."

ಮರುದಿನ ಮಗಳು ಬಾಗಿಲು ಬಡಿದಳು. "ದಾದೀ, ಬಾಗಲಾ ತಗೀ! ನಾ ಬಂದೀನಿ!" ಬಾಗಿಲ ಮಧ್ಯದ ಇಣುಕುಗಾಜಿನಲ್ಲಿ ಕಾಣುತ್ತಿದ್ದ ಬೆಳಕಿನ ಚುಕ್ಕೆ ಕಪ್ಪಾಯಿತು. ಆಂಟಿ ಆಚೆ ನಿಂತು ನೋಡುತ್ತಿದ್ದರು. ಬಾಗಿಲು ತೆರೆಯಲಿಲ್ಲ. ಮಗಳು ಎರಡೂ ಕೈಯಲ್ಲಿ ಬಡಿದಳು, ಒದ್ದಳು, ಕೊನೆಗೆ ಅಲ್ಲೇ ಕೂತುಬಿಟ್ಟಳು. ಹೊತ್ತುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆ. ಆ ವಾರವೆಲ್ಲ ಹೀಗೇ. ಮುಂದಿನ ವಾರ ಒಂದು ಬೆಳಿಗ್ಗೆ ಅವಳು ಆ ಬಾಗಿಲ ಕಡೆ ತಿರುಗಿಯೂ ನೋಡದೆ ಇಳಿದು ಹೋದಳು. ಸದ್ಯ, ಅಭ್ಯಾಸವಾಯಿತು ಎಂದು ಸಂತೋಷಪಟ್ಟೆ. ಸಂಜೆ ಕಳಿಸುವುದು ಇಂದು, ನಾಳೆ ಎನ್ನುತ್ತಾ ನಿಂತೇಹೋಯಿತು.

ಮುಂದಿನ ವಸಂತದಲ್ಲಿ ಪ್ಲಿಮತ್‌ನಲ್ಲಿ ಮನೆ ಕೊಂಡು ಹೊರಟೆವು. ಅವರೂ ಚಿಕಾಗೋ ಕಡೆಗೆ ಹೋದರೆಂದು ಕೇಳಿದೆ. ನಾಲ್ಕೂವರೆ ಗಂಟೆಯ ದಾರಿ. ಪ್ರತಿ ಬೇಸಿಗೆಯಲ್ಲೂ ಹೋಗಿಬರೋಣ ಎನ್ನುತ್ತಿದ್ದೆ. ಒಮ್ಮೆ ಮದುವೆಗೆಂದು ಹೋದಾಗ ಹೈವೇಯಲ್ಲಿ ಅವರ ಊರಿನ ಎಕ್ಸಿಟ್ ಕಣ್ಣೆದುರೇ ದಾಟಿತು. ನಮ್ಮವರು "ಹೋಗೋಣ್ವಾ?" ಎಂದರು. ರೇಷ್ಮೆ ಸೀರೆಯಲ್ಲಿದ್ದೆ, ತಡವಾಗಿತ್ತು. ವಾಪಸು ಬರುವಾಗ ನೋಡೋಣ ಎಂದೆ. ಬರುವಾಗ ಬೇರೆ ದಾರಿ ಹಿಡಿದೆವು...

ಹೋದ ವರ್ಷ ಕ್ಯಾಂಟನ್‌ನ ಇಂಡಿಯನ್ ಅಂಗಡಿಯಲ್ಲಿ ಯಾರನ್ನೋ ನೋಡಲು ಬಂದಿದ್ದ ಅವರ ಸೊಸೆ ಸಿಕ್ಕಳು. "ಅತ್ತಿ ಹೋಗಿ ಎರಡು ವರ್ಷ ಆತ್ ಅಕ್ಕಾ," ಎಂದಳು. ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ವಾಪಸು ಇಟ್ಟೆ. ಅವಳು ಮಾತು ಮುಂದುವರಿಸಿದಳು. "ಕಡೀತನಾ ನಿಮ್ಮ ಕೂಸಿನ್ನ ನೆನಸ್ತಿದ್ರು. ಅದು ಕರಿಯೋವಾಗ ನಾ ಬಾಗಲಾ ತಗೀಲಿಲ್ಲಲಾ, ನನ್ನ ಏನ್ ತಿಳಕೊಂತೋ ಏನೋ, ಅಂತಿದ್ರು."

ನಾನೇ ತೆಗೆಯಬೇಡಿ ಎಂದದ್ದನ್ನು ಅವರು ಸೊಸೆಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ನಾನೂ ಹೇಳಲಿಲ್ಲ. ಫೋನ್ ನಂಬರ್ ತೆಗೆದುಕೊಂಡು ಬಂದೆ, ಅಷ್ಟೆ.

ಆನ್ ಆರ್ಬರ್‌ನಿಂದ ಬಂದ ದಿನ ಆ ನಂಬರಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಬರಸ್ತಾನದ ವಿಳಾಸ ಕೊಟ್ಟಳು.

ಮಗಳಿಗೀಗ ಹದಿನೇಳು. ಮೊನ್ನೆ ಚಿಕಾಗೋದ ಒಂದು ಕಾಲೇಜು ನೋಡಲು ಅವಳನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಎಲ್ಲ ಹೇಳಿದೆ. "ಐ ಡೋಂಟ್ ರಿಮೆಂಬರ್ ಹರ್ ಅಟ್ ಆಲ್, ಅಮ್ಮ," ಎಂದಳು. ಬಾಗಿಲಿನ ವಿಷಯ ಹೇಳಿದಾಗ ಮಾತ್ರ ಫೋನ್ ಕೆಳಗಿಟ್ಟಳು.

"ಸೋ ಶೀ ವಾಸ್ ರೈಟ್ ದೇರ್?"

"ಹೂಂ. ಬಾಗಿಲ ಹಿಂದೇನೇ ಇದ್ರು."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಕಬರಸ್ತಾನದಲ್ಲಿ ಹಿಮ ಅಲ್ಲಲ್ಲಿ ಇನ್ನೂ ಉಳಿದಿತ್ತು. ಸೊಸೆ ಹೇಳಿದ್ದ ಸಾಲು, ಕಲ್ಲಿನ ನಂಬರ್ ಹುಡುಕಿ ನಡೆದೆವು. ನೆಲಮಟ್ಟದ ಒಂದು ಚಿಕ್ಕ ಕಲ್ಲು. ಮಗಳು ಬಗ್ಗಿ, ಕೈಗವುಸಿನಿಂದ ಹಿಮ ಒರೆಸಿ, ಅದರ ಮೇಲಿದ್ದ ಹೆಸರನ್ನು ತನ್ನ ಅಮೆರಿಕನ್ ಉಚ್ಚಾರದಲ್ಲಿ ಓದಿದಳು. ನನ್ನತ್ತ ನೋಡಿ, "ಆಮ್ ಐ ಸೇಯಿಂಗ್ ಇಟ್ ರೈಟ್?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವರನ್ನು ಆಂಟಿ ಎಂದೇ ಕರೆದಿದ್ದೆ. ಅವರ ಹೆಸರನ್ನು ಮೊದಲ ಸಲ ಕೇಳಿದ್ದೇ ಆಗ.