ಏಳು ಕಚ್ಚಿನ ಹಲಗೆ

ಐನೂರು ರೂಪಾಯಿ ಕೊಟ್ಟೆ. ಸೌದೆ ಎಂದು ನೋಡಿದರೆ ಐವತ್ತಕ್ಕೂ ಬಾಳದ ಮಾಲು. ಕೇಣಿಚಿರದ ಗುಜರಿ ಅಂಗಡಿಯ ಹಿಂದೆ, ತುಕ್ಕು ಹಿಡಿದ ಸೈಕಲ್ ಚಕ್ರಗಳ ಮೇಲೆ ಬಿದ್ದಿತ್ತು. ಕಣದಲ್ಲಿ ಕಾಳುಮೆಣಸನ್ನು ಎಳೆದು ಹರಡುವ ಮರದ ಹಲಗೆ, ಹಿಡಿಕೋಲು ಅರ್ಧಕ್ಕೆ ಮುರಿದದ್ದು. ಕೆಳಗಿನ ಅಂಚಿನಲ್ಲಿ ಏಳು ಕಚ್ಚು, ಒಂದೊಂದೂ ಒಂದೊಂದು ಅಗಲ. ಬೇಕಾದ ಮಾಲನ್ನು ಕೊನೆಗೆ ಕೇಳಬೇಕು, ಬೇಡದ್ದನ್ನು ಮೊದಲು ಎತ್ತಿ ವಿಚಾರಿಸಬೇಕು ಎಂದು ಎಷ್ಟೋ ಜನಕ್ಕೆ ಹೇಳಿಕೊಟ್ಟವನು ನಾನು. ಅವತ್ತು ಮಾತ್ರ ನೇರ ಹೋಗಿ ಆ ಕಚ್ಚುಗಳ ಮೇಲೆ ಬೆರಳಾಡಿಸಿಬಿಟ್ಟೆ. ಗುಜರಿಯವನು ನನ್ನ ಮುಖ ನೋಡಿದ. ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು. ಮರಕ್ಕೆ ಇನ್ನೂ ಮೆಣಸಿನ ಘಾಟು ಅಂಟಿಕೊಂಡಿತ್ತು... ಅಥವಾ ನನಗೆ ಹಾಗನ್ನಿಸಿತೋ ಏನೋ.

ಆ ಕಚ್ಚುಗಳನ್ನು ಕೊರೆದವನು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ನನಗಿಂತ ಎರಡು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ, ಅವನು ತಮ್ಮ ಎನ್ನುತ್ತಿದ್ದ. ಇಬ್ಬರೂ ಗುಂಡ್ಲುಪೇಟೆ ಕಡೆಯಿಂದ ಬರಿಗೈಯಲ್ಲಿ ವಯನಾಡಿಗೆ ಬಂದವರು. ಪುಲ್ಪಳ್ಳಿ ಸುತ್ತಿನ ತೋಟಗಳಿಂದ ಹಸಿ ಕಾಳುಮೆಣಸು ಕೊಂಡು ತರುವುದು, ಒಣಗಿದ ಮೇಲೆ ಬತ್ತೇರಿಗೆ ಮಾರುವುದು ನನ್ನ ಕೆಲಸ. ಅಂಗಡಿಯ ಹಿಂದಿನ ಸಿಮೆಂಟು ಕಣದಲ್ಲಿ ಅದನ್ನು ಒಣಗಿಸುವುದು ಅವನ ಕೆಲಸ. ಓಡಾಟ ನನ್ನದು, ಬೈಗುಳ ನನ್ನದು, ಚೌಕಾಸಿ ನನ್ನದು. ಆದರೂ ಊರಿನ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನು.

ಯಾಕೆಂದರೆ ಅವನು ಗೀಚುತ್ತಿದ್ದ. ಚಿತ್ರಗಾರ ಎಂದು ತಿಳಿಯಬೇಡಿ, ಅವನಿಗೇ ಆ ಮಾತು ನಗೆ ತರಿಸುತ್ತಿತ್ತು. ಕಿವಿಯ ಸಂದಿಯಲ್ಲಿ ಒಂದು ಪೆನ್ನು, ಎದುರಿಗೆ ಸಿಕ್ಕಿದ ಕಾಗದ, ಅಷ್ಟೆ. ಬಸ್ ಟಿಕೆಟ್ಟಿನ ಹಿಂದೆ, ಕರೆಂಟ್ ಬಿಲ್ಲಿನ ಅಂಚಿನಲ್ಲಿ, ಮದುವೆ ಕಾಗದದ ಮೇಲೆ. ಯಾರದೋ ಮಾತು ಕೇಳಿಸಿಕೊಳ್ಳುತ್ತ ಕೂತಿದ್ದರೆ ಕೈ ತನ್ನಷ್ಟಕ್ಕೆ ತಾನು ಸುತ್ತಿ ಸುತ್ತಿ ಏನೋ ಎಳೆಯುತ್ತಿತ್ತು. ಸುರುಳಿ, ಕೋಳಿ, ಕೊಡೆ, ಮೀನಿನ ಹೊಟ್ಟೆಯೊಳಗೆ ಮೀನು. ಬರೆದು ಮುಗಿಸಿ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ಜ್ವರ ಬಂದ ದಿನವೂ ಮಾತ್ರೆಯ ಪೊಟ್ಟಣದ ಮೇಲೆ ಎರಡು ಗೆರೆ ಇರುತ್ತಿತ್ತು.

ಅಂಗಡಿ ಗೋಡೆಯ ಮಲಯಾಳಂ ಕ್ಯಾಲೆಂಡರಿನ ಚೌಕಗಳಲ್ಲಿ ನಾನು ಅವತ್ತವತ್ತಿನ ಧಾರಣೆ ಬರೆದಿಡುತ್ತಿದ್ದೆ. ಒಂದು ದಿನ ಬಂದು ನೋಡಿದರೆ ಅದರ ಪಕ್ಕದಲ್ಲಿ ಒಂದು ಮೂಗು. ಬರೀ ಮೂಗು, ಅದರ ತುದಿಯಿಂದ ಒಂದು ತಕ್ಕಡಿ ನೇತಾಡುತ್ತಿತ್ತು. ಹೆಸರಿಲ್ಲ, ಏನಿಲ್ಲ. ಬಂದ ಗಿರಾಕಿಗಳೆಲ್ಲ ಅದನ್ನು ನೋಡಿ, ನನ್ನ ಮುಖ ನೋಡಿ, ಕೆಮ್ಮಿದಂತೆ ಮಾಡಿ ನಗುತ್ತಿದ್ದರು. ತಿಂಗಳು ಮುಗಿದ ಮೇಲೆ ನನ್ನ ಹೆಂಡತಿ ಆ ಹಾಳೆಯನ್ನು ಹರಿದು ಜೋಪಾನವಾಗಿ ತೆಗೆದಿಟ್ಟಳು. ನನ್ನ ಮದುವೆಯ ಫೋಟೋ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ.

ನನ್ನ ಮಗಳಿಗಾಗ ಏಳೆಂಟು ವರ್ಷ. ಸ್ಕೂಲಿನಿಂದ ಬಂದವಳೇ ಚೀಲ ಎಸೆದು ದೊಡ್ಡಪ್ಪನ ಹತ್ತಿರ ಓಡುತ್ತಿದ್ದಳು. ಅವಳಿಗೆ ಬಳೆ, ಬಿಸ್ಕತ್ತು ತಂದುಕೊಡುತ್ತಿದ್ದವನು ನಾನು. ಅವನು ಕೊಡುತ್ತಿದ್ದದ್ದು ಹರಿದ ಬಸ್ ಟಿಕೆಟ್ಟು. ಒಮ್ಮೆ ತಡೆಯಲಾರದೆ ಹೆಂಡತಿಯ ಮುಂದೆ, ಇದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದೆ. ಅವಳು ತಲೆ ಎತ್ತದೆ, "ಭಾವನಿಗೆ ಗೀಚಕ್ಕಾದ್ರೂ ಬತ್ತದೆ. ನಿಮ್ಗೆ ಸುಮ್ನೆ ಕೂರಕ್ಕೂ ಬರಲ್ಲ" ಎಂದಳು.

ಆ ಮಾತು ಚುಚ್ಚಿತು. ಯಾರಿಗೂ ತಿಳಿಯದಂತೆ ಒಂದು ನೋಟ್‌ಬುಕ್ಕು, ಅಗ್ಗಕ್ಕೆ ಸಿಕ್ಕಿತೆಂದು ಒಂದು ಡಜನ್ ಪೆನ್ನು ತಂದೆ. ಮಧ್ಯಾಹ್ನ ಅಂಗಡಿ ಬಾಗಿಲು ಮುಂದೆ ಮಾಡಿಕೊಂಡು ಒಂದು ತಿಂಗಳು ಕೂತೆ. ಪೆನ್ನು ಇಟ್ಟ ತಕ್ಷಣ ಕೈ ಒಂದು ಚೌಕ ಎಳೆಯುತ್ತಿತ್ತು, ಅದರ ಪಕ್ಕ ಇನ್ನೊಂದು ಚೌಕ. ಪುಟ ತುಂಬಿದ ಮೇಲೆ ನೋಡಿದರೆ ಗೋಡೌನಿನಲ್ಲಿ ಚೀಲ ಪೇರಿಸಿದ ಹಾಗೆ. ಅವನದು ಗೆರೆ ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ನನ್ನದು ಹೊರಡುವ ಮೊದಲೇ ತಲುಪಿಬಿಡುತ್ತಿತ್ತು. ನೋಟ್‌ಬುಕ್ಕನ್ನು ಒಲೆಗೆ ಹಾಕಿದೆ. ಪೆನ್ನು ಉಳಿದವು, ಅವನೇ ಒಂದೊಂದಾಗಿ ತೆಗೆದುಕೊಂಡು ಹೋದ.

ಕಾಗದದಲ್ಲಿ ನಿಂತಿದ್ದರೆ ಹೇಗೋ ಸಹಿಸುತ್ತಿದ್ದೆ. ಅವನು ಕಣದಲ್ಲೂ ಶುರುಮಾಡಿದ. ಬಿಸಿಲಿಗೆ ಹರಡಿದ ಮೆಣಸನ್ನು ದಿನಕ್ಕೆ ನಾಲ್ಕೈದು ಸಲ ಮಗುಚಬೇಕು. ಎಲ್ಲರೂ ಕಾಲಿನಲ್ಲೋ ಹಲಗೆಯಲ್ಲೋ ಸುಮ್ಮನೆ ಎಳೆದು ಬಿಡುತ್ತಾರೆ. ಇವನು ಹಲಗೆಯ ಅಂಚಿಗೆ ಏಳು ಕಚ್ಚು ಕೊರೆದ. ಎಳೆದರೆ ಮೆಣಸಿನಲ್ಲಿ ಉದ್ದುದ್ದ ದಿಂಡಿನ ಹಾಗೆ ಏಳು ಏರು ಏಳುತ್ತಿದ್ದವು, ದಪ್ಪ ಸಣ್ಣ. ಮಣಿಕಟ್ಟು ತಿರುಗಿಸಿದರೆ ಅವೇ ಅಲೆಯಾಗುತ್ತಿದ್ದವು. ಮೂಲೆಗಳಲ್ಲಿ ಕಾಲಿನ ಹೆಬ್ಬೆರಳಿನಿಂದ ಸುರುಳಿ. ಬೆಳಿಗ್ಗೆ ಒಂದು ಥರ, ಹತ್ತು ಗಂಟೆಗೆ ಅದನ್ನು ಅಳಿಸಿ ಇನ್ನೊಂದು ಥರ. ಇಡೀ ಕಣ ಕಪ್ಪು ನೀರಿನ ಹಾಗೆ ಕಾಣುತ್ತಿತ್ತು. ಸ್ಕೂಲು ಮಕ್ಕಳು ಗೋಡೆ ಹತ್ತುತ್ತಿದ್ದರು. ಮೆಣಸು ಮಾರಲು ಬಂದವರು ನನ್ನ ತಕ್ಕಡಿಯನ್ನೂ ನೋಡದೆ ಕಣ ನೋಡುತ್ತ ನಿಲ್ಲುತ್ತಿದ್ದರು. ತೂಕದ ಕಡೆ ಅವರ ಕಣ್ಣಿಲ್ಲದ್ದು ನನಗೆ ಅನುಕೂಲವೇ, ಆದರೂ ಸಂತೋಷವಾಗುತ್ತಿರಲಿಲ್ಲ.

ಆ ವರ್ಷ ಧಾರಣೆ ಇಳಿಯುವ ಸುದ್ದಿ ಬಂತು. ಕಣದಲ್ಲಿದ್ದ ಮೆಣಸು ಮೂರು ದಿನದ ಬಿಸಿಲು ಕಂಡಿತ್ತು. ಅವನು ಮರಕ್ಕಡವಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿದ್ದ ತಂಗಿಯ ಮನೆಯ ಮದುವೆಗೆ ಹೊರಟಿದ್ದ. ಹೋಗುವಾಗ ಒಂದು ಕಾಳು ಕಚ್ಚಿ ನೋಡಿ ಉಗಿದ.

"ಇನ್ನೊಂದು ಬಿಸ್ಲು ಬೇಕು ತಮ್ಮಾ. ಮುಟ್ಬೇಡ."

ನಾನು ಶೆರಿ ಎಂದೆ. ಅವನ ಬಸ್ಸು ಹೋದ ಮೇಲೆ ಚೀಲಗಳನ್ನು ತುಂಬಿಸಿ ಹೊಲಿಸಿದೆ.

ಮಾಲು ವಾಪಸು ಬಂತು. ಬತ್ತೇರಿಯ ವ್ಯಾಪಾರಿ ಚೀಲದೊಳಗೆ ಕೈ ಇಟ್ಟರೆ ಬೆಚ್ಚಗಿತ್ತಂತೆ, ಬೂಷ್ಟಿನ ವಾಸನೆ ಬೇರೆ. ಷಡ್ಡಕ ಮದುವೆ ಮುಗಿಸಿ ಬರುವ ಹೊತ್ತಿಗೆ ಚೀಲಗಳನ್ನು ಕಣಕ್ಕೆ ಸುರಿಸುತ್ತಿದ್ದೆ. ನನ್ನ ಹೆಂಡತಿ, ಅವಳ ಅಕ್ಕ, ಮಗಳು, ಎಲ್ಲರೂ ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಇದು ಈ ಗೀಚಾಟದ ಫಲ, ಏರು ಮಾಡಿ ಬಿಟ್ಟಲ್ಲಿ ಮೆಣಸು ಗುಡ್ಡೆಯಾಗಿ ಅಡಿಯಲ್ಲಿ ಒದ್ದೆ ಉಳಿದಿದೆ, ಆಟವಾಡಲು ನನ್ನ ಬಂಡವಾಳವೇ ಸಿಕ್ಕಿತೇ.

ಅವನು ಒಂದು ಹಿಡಿ ಮೆಣಸು ಎತ್ತಿ ಮೂಸಿದ. ಹೊಲಿಗೆ ಬಿಚ್ಚಿದ ಚೀಲಗಳನ್ನು ನೋಡಿದ.

"ಗೀಚಿದ್ರಿಂದಲೇ ಆಯ್ತಾ, ತಮ್ಮಾ?"

"ಮತ್ತಿನ್ನೇನು" ಎಂದೆ.

ಹಿಡಿಯಲ್ಲಿದ್ದ ಮೆಣಸನ್ನು ಕಣಕ್ಕೆ ಬಿಟ್ಟ. ಮಗಳು ಅವನ ಬೆರಳು ಹಿಡಿದುಕೊಂಡಳು. ಆ ಹೊತ್ತಿನಲ್ಲೂ ನನಗೆ ಕಂಡದ್ದು ಅದೇ... ಅವಳು ಹಿಡಿದದ್ದು ಯಾರ ಬೆರಳು ಎಂಬುದು.

ಚೇಕಾಡಿಯ ಕಾಡಂಚಿನ ಹಾಡಿಯಿಂದ ಕಣದ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಮರುದಿನ ನಾನೊಬ್ಬನೇ ಇದ್ದಾಗ ಗುಡಿಸುತ್ತಲೇ ಹೇಳಿದಳು: "ನಾಕು ಬಿಸ್ಲು ಕಂಡಿಲ್ಲೆ ಮುದಲಾಳಿ ಆ ಮೆಣಸು. ಚೀಲದ ಬಾಯಿ ಹಿಡಿದವಳು ನಾನೇ ಅಲ್ವಾ." ನಿನ್ನ ಕೆಲಸ ನೋಡು ಎಂದೆ. ನೋಡಿದಳು.

ಅವತ್ತಿನಿಂದ ಅವನು ಬೇರೆ ಹಲಗೆ ಹಿಡಿದ, ಕಚ್ಚಿಲ್ಲದ್ದು. ಕಣ ಹಾಸಿದ ಕಂಬಳಿಯಂತೆ ಸಮವಾಯಿತು. ಮಕ್ಕಳು ಗೋಡೆ ಹತ್ತುವುದು ಬಿಟ್ಟರು. ಕಿವಿಯ ಸಂದಿಯ ಪೆನ್ನೂ ಹೋಯಿತು, ಕ್ಯಾಲೆಂಡರಿನಲ್ಲಿ ನನ್ನ ಧಾರಣೆ ಮಾತ್ರ ಉಳಿಯಿತು. ಮುಂದಿನ ಸುಗ್ಗಿಯಲ್ಲಿ ಮೆಣಸು ಒಣಗಲು ಒಂದು ದಿನ ಹೆಚ್ಚೇ ಬೇಕಾಯಿತು. ಏರುಗಳ ನಡುವೆ ಗಾಳಿ ಆಡುತ್ತಿತ್ತು ಎಂದು ಆಗ ಗೊತ್ತಾಯಿತು. ಗೊತ್ತಾದದ್ದನ್ನು ನನ್ನಲ್ಲೇ ಇಟ್ಟುಕೊಂಡೆ. ಇನ್ನೆರಡು ವರ್ಷ ಜೊತೆಗಿದ್ದು, ಜಗಳವಿಲ್ಲದೆ, ಹೊಳೆಯಾಚೆ ತಂಗಿಯ ಊರಿಗೆ ಹೋಗಿ ನೆಲೆಸಿದ.

ನಾಲ್ಕು ವರ್ಷದ ಹಿಂದೆ ಅವನಿಗೆ ತೀರ ಆರಾಮಿಲ್ಲ ಎಂದು ತಿಳಿದು, ನಿಜ ಹೇಳಿಯೇ ಬರುತ್ತೇನೆಂದು ನಿಶ್ಚಯ ಮಾಡಿಕೊಂಡು ದೋಣಿ ಹತ್ತಿದೆ. ಅವನು ನಿದ್ದೆಯಲ್ಲಿದ್ದ. ತಲೆದೆಸೆಯ ಸ್ಟೂಲಿನ ಮೇಲೆ ಕಾಗದಗಳಿದ್ದವು: ಬಿಲ್ಲು, ಚೀಟಿ, ಮಾತ್ರೆಯ ಪೊಟ್ಟಣ. ಒಂದೊಂದನ್ನೂ ಮಗುಚಿ ನೋಡಿದೆ. ಒಂದು ಸುರುಳಿಯಾದರೂ ಸಿಕ್ಕಿದ್ದರೆ, ನಾನು ಕೆಡಿಸಲಿಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡೇ ವಾಪಸು ಬರಬಹುದಿತ್ತು. ಎಲ್ಲವೂ ಖಾಲಿ.

"ಏನು ಹುಡುಕ್ತಿದ್ದೀ, ತಮ್ಮಾ?"

ಎದ್ದಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

"ಏನಿಲ್ಲ ಅಣ್ಣ" ಎಂದೆ. ಮೆಣಸಿನ ಧಾರಣೆ ಮಾತಾಡಿ ಎದ್ದು ಬಂದೆ. ಹದಿನೈದು ದಿನಕ್ಕೆ ತೀರಿಕೊಂಡ.

ಹೋದ ವರ್ಷ ಕಣದ ಶೆಡ್ಡು ಬಿಚ್ಚಿಸಿದಾಗ ಒಳಗಿದ್ದ ಹಳೇ ಸಾಮಾನನ್ನೆಲ್ಲ ನೋಡದೆ ಗುಜರಿಗೆ ಕೊಟ್ಟಿದ್ದೆ. ಈ ಹಲಗೆಯೂ ಅದರಲ್ಲೇ ಹೋಗಿತ್ತು. ಮನೆಗೆ ತಂದು, ಕೋಲು ಹಾಕಿಸಿ, ಈ ಸುಗ್ಗಿಯಲ್ಲಿ ಕಣಕ್ಕಿಳಿಸಿದೆ. ಏಳು ಏರು ಬಂದವು, ನೇರವಾಗಿ, ಸಾಲಾಗಿ. ಎಷ್ಟು ಮಣಿಕಟ್ಟು ತಿರುಗಿಸಿದರೂ ಅಲೆ ಬರಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ, ನನಗೆ ಬಂತು.

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನ್ಗಲ್ಲ ಅಪ್ಪ, ದೊಡ್ಡಪ್ಪನಿಗೆ ಹೇಳ್ಬೇಕಿತ್ತು" ಎಂದಳು.

ಓದುವವರಿಗೆ ಇಷ್ಟು ಹೇಳುತ್ತೇನೆ, ಪುಕ್ಕಟೆ. ಮೆಣಸನ್ನು ಏರು ಮಾಡಿ ಒಣಗಿಸಿ; ಕಚ್ಚಿದರೆ ಟಕ್ಕೆನ್ನದ ಕಾಳನ್ನು ಚೀಲಕ್ಕೆ ತುಂಬಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತು ಗೀಚುತ್ತಿದ್ದರೆ ಉಪಯೋಗ ಕೇಳಬೇಡಿ, ಒಂದು ಹಾಳೆ ಅತ್ತ ತಳ್ಳಿ. ನೀವೇ ಗೀಚುವವರಾದರೆ ನನ್ನಂಥವನ ಮಾತಿಗೆ ನಿಲ್ಲಿಸಬೇಡಿ. ಮತ್ತೆ, ಯಾರಿಗಾದರೂ ನಿಜ ಹೇಳುವುದು ಬಾಕಿಯಿದ್ದರೆ ಮೊದಲ ದೋಣಿಗೇ ಹೊರಡಿ. ಅಲ್ಲಿಗೆ ಹೋದ ಮೇಲೆ ಕಾಗದ ಮಗುಚುತ್ತ ನಿಲ್ಲಬೇಡಿ.